ಎಲ್ಲ ಮಕ್ಕಳಿಗೂ ಜಾಗವಿರುವ ಕ್ಲಾಸು: ಕಲಬುರಗಿ, ಬೀದರ್, ಯಾದಗಿರಿಯ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಸ್ಟರ್ ಸಭೆಯ ಚಹಾದ ಹೊತ್ತಿನಲ್ಲಿ, ತರಬೇತಿ ಮುಗಿಸಿ ಬಸ್ಸಿಗೆ ಕಾಯುವಾಗ, ರಾತ್ರಿ ವಾಟ್ಸಾಪಿನಲ್ಲಿ ನಮ್ಮ ಮೂರೂ ಜಿಲ್ಲೆಯ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ದೂರದ ಜಿಲ್ಲೆಗಳಿಂದ ಹೊಸದಾಗಿ ಬಂದವರು ಇನ್ನೂ ಜಾಸ್ತಿ ಕೇಳುತ್ತಾರೆ. ಸರ್ಕಾರಿ ಶಾಲೆಯ ಕ್ಲಾಸನ್ನು ಕಣ್ಣ ಮುಂದೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಖಾಸಗಿ ಶಾಲೆಯವರಿಗೂ ಬಹುಪಾಲು ಹೊಂದುತ್ತದೆ.

ನಾನು ಎಲ್ಲರನ್ನೂ ಒಂದೇ ಥರ ನೋಡುತ್ತೇನೆ. ಅಷ್ಟು ಸಾಲದಾ?

ಸಾಲದು. ಮನೆಯಲ್ಲಿ ಕನ್ನಡ ಮಾತಾಡುವ, ಅಪ್ಪ ಅವ್ವ ಓದಿರುವ, ದಿನಾ ಶಾಲೆಗೆ ಬರುವ, ಕಣ್ಣು ಕಿವಿ ಚೆನ್ನಾಗಿರುವ ಮಗು ನಾವು ಹೇಗೆ ಕಲಿಸಿದರೂ ಕಲಿಯುತ್ತದೆ. ಅದೇ ಪಾಠವನ್ನು ಅದೇ ವೇಗದಲ್ಲಿ, ಕನ್ನಡವನ್ನು ಮೊದಲ ಸಲ ಶಾಲೆಯಲ್ಲೇ ಕೇಳುತ್ತಿರುವ ಲಂಬಾಣಿ ತಾಂಡಾದ ಮಗುವಿಗೆ ಮಾಡಿ, ಇಬ್ಬರಿಗೂ ಸಮ ಮಾಡಿದೆ ಅಂದರೆ ಆಗುತ್ತದಾ? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ರ ಆಸುಪಾಸು ಇತ್ತು, ರಾಜ್ಯದಲ್ಲೇ ಎಲ್ಲಕ್ಕಿಂತ ಕಡಿಮೆ. ಅಂದರೆ ನಮ್ಮೆದುರು ಕೂತವರಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಹೋಂವರ್ಕ್ ನೋಡುವವರೇ ಇಲ್ಲ. ಅವರಿಗೆ ಸಿಗಬೇಕಾದ ಜಾಸ್ತಿ ಸಮಯ, ಜಾಸ್ತಿ ತಾಳ್ಮೆ ಶಾಲೆಯಲ್ಲೇ ಸಿಗಬೇಕು. ಬೇರೆ ಕಡೆ ಸಿಗುವುದಿಲ್ಲ.

ಒಂದೇ ಕ್ಲಾಸಿನಲ್ಲಿ ನಾಲ್ಕು ಭಾಷೆ ಇವೆ. ಹೇಗೆ ಕಲಿಸಲಿ?

ಇದು ನಮ್ಮ ಕಡೆಯ ದೊಡ್ಡ ಪ್ರಶ್ನೆ. ಔರಾದ್, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ. ಸೇಡಂ, ಗುರುಮಠಕಲ್ ಗಡಿಯಲ್ಲಿ ತೆಲುಗು. ಚಿಂಚೋಳಿ, ಚಿತ್ತಾಪುರದ ತಾಂಡಾಗಳಲ್ಲಿ ಲಂಬಾಣಿ. ಉರ್ದು ಊರೂರಲ್ಲೂ ಇದೆ. ಕನ್ನಡ ಮನೆಮಾತಾದ ಮಗು ಕೂಡ ಪುಸ್ತಕದ ಕನ್ನಡ ಆಡುವುದಿಲ್ಲ, 'ಸಾಲಿಗಿ ಬಂದೀನ್ರಿ' ಅನ್ನುತ್ತದೆ.

ಕನ್ನಡ ಮಾಧ್ಯಮದಲ್ಲಿ ಪಾಠ ಕನ್ನಡದಲ್ಲೇ ನಡೆಯಲಿ. ಆದರೆ ಅರ್ಥ ಮಾಡಿಸಲು ಮಗುವಿನ ಭಾಷೆ ಬಳಸಿ, ಅದರಲ್ಲಿ ತಪ್ಪೇನೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಆದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಅನ್ನುತ್ತದೆ.

ಒಂದನೇ ಕ್ಲಾಸಿನ ಮೊದಲ ತಿಂಗಳುಗಳನ್ನು ಮಾತಿಗೇ ಬಿಡಿ. ಅಕ್ಷರಕ್ಕೆ ಅವಸರ ಬೇಡ. ನಲಿ-ಕಲಿ (ಸಣ್ಣ ಕ್ಲಾಸುಗಳಲ್ಲಿ ಆಡುತ್ತಾ ಕಲಿಯುವ ಪದ್ಧತಿ) ಕೋಣೆಯ ಗೋಡೆಯ ಮೇಲೆ ರೊಟ್ಟಿ, ನೀರು, ಎತ್ತು, ಮನೆ, ಮಳೆ ಇಂಥ ಚಿತ್ರಗಳನ್ನು ಅಂಟಿಸಿ, ಪ್ರತಿಯೊಂದರ ಕೆಳಗೆ ಆ ಕ್ಲಾಸಿನ ಮಕ್ಕಳ ಮನೆಯಲ್ಲಿ ಏನನ್ನುತ್ತಾರೋ ಅದೆಲ್ಲ ಕನ್ನಡ ಲಿಪಿಯಲ್ಲಿ ಬರೆಯಿರಿ. ರೊಟ್ಟಿಯ ಕೆಳಗೆ ಬಾಟಿ, ಭಾಕರಿ ಕೂಡ ಬರಲಿ. ಯಾವ ಮಾತು ಏನು ಅಂತ ಮಕ್ಕಳೇ ಹೇಳಲಿ, ನೀವು ಅವರಿಂದ ಕಲಿಯಿರಿ. ಬಾಯಿ ಬಿಡದ ಮಗು ಟೀಚರಿಗೇ ಕಲಿಸುವ ಅವಕಾಶ ಸಿಕ್ಕಾಗ ಎದ್ದು ಗೋಡೆಯ ಹತ್ತಿರ ಬರುತ್ತದೆ. ಗುಂಪಿನಲ್ಲಿ ಚರ್ಚೆ ಮನೆಮಾತಿನಲ್ಲೇ ಆಗಲಿ, ಆಮೇಲೆ ಒಬ್ಬರು ಕನ್ನಡದಲ್ಲಿ ಹೇಳಲಿ. ಲೆಕ್ಕವನ್ನಂತೂ ಯಾವ ಭಾಷೆಯಲ್ಲಿ ಎಣಿಸಿದರೂ ಉತ್ತರ ಅದೇ ತಾನೇ?

ಇನ್ನು ತಪ್ಪುಗಳ ವಿಷಯ. ಉರ್ದು ಮನೆಯ ಮಗು 'ಬಸ್ ಬಂದಾಳ್ರಿ' ಅಂದರೆ ಕ್ಲಾಸೆಲ್ಲ ನಗುತ್ತದೆ. ಉರ್ದುವಿನಲ್ಲಿ ನಪುಂಸಕ ಲಿಂಗವೇ ಇಲ್ಲ, ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಬಸ್ಸು ಅಲ್ಲಿ ಹೆಣ್ಣು. ಆ ಮಗು ತನ್ನ ವ್ಯಾಕರಣವನ್ನು ಸರಿಯಾಗಿಯೇ ಬಳಸುತ್ತಿದೆ. ಅದೇ ಥರ ಉರ್ದುವಿನಲ್ಲಿ 'ಳ' ಇಲ್ಲ, ಹಾಗಾಗಿ ಬಾಳೆ ಬಾಲೆಯಾಗುತ್ತದೆ. ಎಬ್ಬಿಸಿ ನಿಲ್ಲಿಸಿ ತಿದ್ದಬೇಡಿ. 'ಹೌದಾ, ಬಸ್ ಬಂತಾ? ಯಾವ ಊರಿನ ಬಸ್ಸು?' ಅಂತ ನೀವು ಸರಿಯಾದ ರೂಪದಲ್ಲಿ ಮಾತು ಮುಂದುವರಿಸಿ. ಕೇಳಿ ಕೇಳಿ ಹಿಡಿಯುತ್ತಾರೆ. ನಕ್ಕವರಿಗೆ ಬೈಯುವ ಬದಲು ಅದೇ ವಾಕ್ಯವನ್ನು ಉರ್ದುವಿನಲ್ಲಿ ಹೇಳಿ ನೋಡಿ ಅನ್ನಿ. ಕಷ್ಟ ಏನಂತ ಅವರಿಗೂ ತಿಳಿಯುತ್ತದೆ.

ನಮ್ಮ ಶಾಲೆಯಲ್ಲಿ ಜಾತಿ ಗೀತಿ ಏನೂ ಇಲ್ಲ. ಸುಮ್ನೆ ಯಾಕೆ ಆ ಮಾತು ಎತ್ತಬೇಕು?

ಬಾಯಲ್ಲಿ ಇಲ್ಲದಿರಬಹುದು. ಕೆಲಸದಲ್ಲಿ ಇದೆಯಾ ನೋಡಿ. ಕಸ ಗುಡಿಸುವವರು ಯಾರು? ಟೀಚರಿಗೆ ಕುಡಿಯಲು ನೀರು ತಂದುಕೊಡುವ ಹುಡುಗ ಯಾರು? ಯಾರ ಮನೆಯಿಂದ ಟಿಫಿನ್ ಬಂದರೆ ನೀವು ರುಚಿ ನೋಡುತ್ತೀರಿ, ಯಾರದಾದರೆ 'ಹೊಟ್ಟೆ ತುಂಬ್ಯಾದವ್ವ' ಅನ್ನುತ್ತೀರಿ? ಮಕ್ಕಳು ಇದನ್ನೆಲ್ಲ ಒಂದೂ ಬಿಡದೆ ಗಮನಿಸುತ್ತಾರೆ. ಕೆಲಸಗಳ ಪಾಳಿಯನ್ನು ಹಾಜರಿ ನಂಬರಿನ ಪ್ರಕಾರ ಬರೆದು ಗೋಡೆಗೆ ಹಚ್ಚಿ. ಕಸಬರಿಗೆಯ ಪಾಳಿಯೂ ನೀರಿನ ಪಾಳಿಯೂ ಎಲ್ಲರಿಗೂ ಬರಲಿ, ಊರ ಗೌಡರ ಮಗನಿಗೂ ಬರಲಿ. ಶೌಚಾಲಯವನ್ನಂತೂ ಯಾವ ಮಗುವಿನ ಕೈಯಿಂದಲೂ ತೊಳೆಸುವಂತಿಲ್ಲ. ಇಲಾಖೆಯೇ ಇದನ್ನು ಸ್ಪಷ್ಟವಾಗಿ ಹೇಳಿದೆ.

'ಎಸ್ಸಿ ಮಕ್ಕಳೆಲ್ಲ ಎದ್ದು ನಿಲ್ರಿ, ಸ್ಕಾಲರ್‌ಶಿಪ್ ಫಾರ್ಮ್ ಬಂದದ' ಅಂತ ಕೂಗುವುದನ್ನು ಇವತ್ತೇ ನಿಲ್ಲಿಸಿ. ಎದ್ದು ನಿಂತ ಮಗುವಿನ ಮುಖ ಒಮ್ಮೆ ನೋಡಿ, ಯಾಕೆ ಅಂತ ನಾನು ಹೇಳಬೇಕಾಗಿಲ್ಲ. ಹಾಜರಿ ನಂಬರ್ ಬರೆದ ಚೀಟಿ ಸಾಕು, ಆಫೀಸಿಗೆ ಒಬ್ಬೊಬ್ಬರಾಗಿ ಬಂದು ಫಾರ್ಮ್ ಒಯ್ಯುತ್ತಾರೆ. ಓಣಿಯ ಹೆಸರು ಹಿಡಿದು, 'ತಾಂಡಾದವರು' ಅಂತ ಒಟ್ಟಾಗಿ ಕರೆಯುವುದೂ ಬೇಡ. ಪ್ರತಿ ಮಗುವಿಗೂ ಹೆಸರಿದೆ.

ಪಾಠದಲ್ಲೂ ಇದಕ್ಕೆ ಜಾಗ ಇದೆ. ಬಸವಕಲ್ಯಾಣ ನಮ್ಮದೇ ಬೀದರ್ ಜಿಲ್ಲೆಯ ಊರು. 12ನೇ ಶತಮಾನದಲ್ಲಿ ಅಲ್ಲಿ ಬಸವಣ್ಣನ ಜೊತೆಗೆ ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಇದ್ದರು ಅನ್ನುವುದನ್ನು ಬಸವ ಜಯಂತಿಯ ಭಾಷಣಕ್ಕೆ ಮಾತ್ರ ಇಡಬೇಡಿ. ಇವರೂ ಆ ಊರು ಕಟ್ಟಿದವರು ಅಂತ ಕ್ಲಾಸಿನಲ್ಲಿ ಹೆಸರಿಟ್ಟು ಹೇಳಿ.

ಬಿಸಿಯೂಟದಲ್ಲಿ ಮೊಟ್ಟೆ ತಿನ್ನುವವರನ್ನು ಬೇರೆ ಸಾಲಿನಲ್ಲಿ ಕೂಡಿಸಬೇಕಾ?

ಬೇಡ. ರಾಜ್ಯದಲ್ಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಶುರುವಾಗಿದ್ದೇ ನಮ್ಮ ಈಶಾನ್ಯ ಜಿಲ್ಲೆಗಳಿಂದ. ಮೊಟ್ಟೆ ಕೂಡ 2021ರಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೇ ಮೊದಲು ಬಂತು, ಇಲ್ಲಿ ಅಪೌಷ್ಟಿಕತೆ ಜಾಸ್ತಿ ಅನ್ನುವ ಕಾರಣಕ್ಕೆ. ಬೇಡ ಅನ್ನುವವರಿಗೆ ಬಾಳೆಹಣ್ಣು ಇದೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂಡಲಿ, ತಟ್ಟೆಯಲ್ಲಿ ಮಾತ್ರ ಬೇರೆ ಇರಲಿ. ತಿನ್ನುವ ಮಗುವಿಗೂ ನಾಚಿಕೆಯಾಗಬಾರದು, ತಿನ್ನದ ಮಗುವಿಗೂ ಒತ್ತಾಯ ಆಗಬಾರದು. ಅಡುಗೆ ಮಾಡುವ ಅಮ್ಮನ ಜಾತಿ ಕೇಳಿ ಯಾರಾದರೂ ಮಗುವಿಗೆ ಉಣ್ಣಬೇಡ ಅಂದರೆ ಅಲ್ಲಿ ಸುಮ್ಮನಿರಬಾರದು. ಅದು ಅಸ್ಪೃಶ್ಯತೆ, ಸಂವಿಧಾನದ 17ನೇ ವಿಧಿ ಅದನ್ನು ನಿಷೇಧಿಸಿದೆ. ಮುಖ್ಯ ಶಿಕ್ಷಕರು ಪಂಕ್ತಿಯಲ್ಲೇ ಕೂತು ಅದೇ ಊಟ ಮಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕಬ್ಬು ಕಡಿಯಲು ಹೋದವರ ಮಕ್ಕಳು ತಿಂಗಳುಗಟ್ಟಲೆ ಬರುವುದಿಲ್ಲ. ಬಂದ ಮೇಲೆ ಏನು ಮಾಡಲಿ?

ಮೊದಲು ಹೆಸರು ಹೊಡೆಯಬೇಡಿ. ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಬೇರೆ ಊರಿನಿಂದ ಬಂದ ಮಗುವಿಗೆ ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ಪ್ರವೇಶ ನಿರಾಕರಿಸುವಂತೆಯೂ ಇಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಂಡು, ಹಿಂದೆ ಬಿದ್ದಿದ್ದನ್ನು ವಿಶೇಷ ತರಬೇತಿ ಕೊಟ್ಟು ತುಂಬಿಸಬೇಕು. ಇದೆಲ್ಲ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

ತಾಂಡಾಗಳಲ್ಲಿ ದೀಪಾವಳಿ ದೊಡ್ಡ ಹಬ್ಬ. ಅದರ ಹಿಂದೆ ಮುಂದೆ ಮಹಾರಾಷ್ಟ್ರದ ಕಬ್ಬಿನ ಗಾಡಿಗಳು ಹೊರಡುತ್ತವೆ, ಕೆಲವರು ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಯುಗಾದಿ ಹೊತ್ತಿಗೆ ತಿರುಗಿ ಬರುತ್ತಾರೆ. ಇದು ಪ್ರತಿ ವರ್ಷದ ಮಾತು, ಹಾಗಾಗಿ ದಸರಾ ರಜೆಗಿಂತ ಮೊದಲೇ ಮನೆಗೆ ಹೋಗಿ ಕೇಳಿ. ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟು ಹೋಗಲು ಆಗುತ್ತದಾ? ಋತುಮಾನದ ಹಾಸ್ಟೆಲ್ ಹತ್ತಿರ ಎಲ್ಲಾದರೂ ನಡೆಯುತ್ತಿದೆಯಾ ಅಂತ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಗೆ ಕೇಳಿ. ಹೋಗಲೇಬೇಕು ಅಂದರೆ ಪುಸ್ತಕ ಕಟ್ಟಿ ಕೊಡಿ, ಅಪ್ಪನ ಮೊಬೈಲ್ ನಂಬರ್ ಬರೆದುಕೊಳ್ಳಿ, ನಡುನಡುವೆ ಫೋನ್ ಮಾಡಿ ಮಗುವಿನ ಜೊತೆ ಮಾತಾಡಿ. ಪಾಠ ಹೇಳದಿದ್ದರೂ ಪರವಾಗಿಲ್ಲ, 'ನಿನ್ನ ಜಾಗ ಹಂಗೇ ಅದ, ಬಾ' ಅಂದರೆ ಸಾಕು.

ವಾಪಸ್ ಬಂದ ದಿನ 'ಎಲ್ಲಿ ಸತ್ತಿದ್ದಿ ಇಷ್ಟು ದಿನ' ಅನ್ನಬೇಡಿ. ಅದೊಂದು ಮಾತಿಗೆ ಶಾಲೆ ಬಿಟ್ಟವರಿದ್ದಾರೆ. ಅವರು ನೋಡಿ ಬಂದಿದ್ದನ್ನು ಕ್ಲಾಸಿಗೆ ತನ್ನಿ. ಐದನೇ ಕ್ಲಾಸಿನ ಹುಡುಗನೊಬ್ಬ ಕಬ್ಬಿನಿಂದ ಬಂದವನು, ಪುಸ್ತಕದ ಭಾಗಾಕಾರ ಬರುವುದಿಲ್ಲ ಅಂತ ತಲೆ ತಗ್ಗಿಸಿ ಕೂತಿದ್ದ. ಟ್ರ್ಯಾಕ್ಟರಿನ ಟ್ರಾಲಿಗೆ ಎಷ್ಟು ಟನ್ ಹಿಡಿಯುತ್ತದೆ, ಟನ್ನಿಗೆ ಎಷ್ಟು ಕೂಲಿ, ಎಷ್ಟು ಜೋಡಿ ಕಡಿದರೆ ಒಬ್ಬೊಬ್ಬರಿಗೆ ಎಷ್ಟು ಬರುತ್ತದೆ ಅಂತ ಕೇಳಿದರೆ ಬೆರಳು ಮಡಚುತ್ತಾ ಸರಿಯಾಗಿ ಹೇಳಿದ, ಅಂಗಡಿಯವನು ಮುಂಗಡದಲ್ಲಿ ಮುರಿದುಕೊಂಡ ದುಡ್ಡನ್ನೂ ಬಿಡದೆ. ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ಇದೇ ನೋಡು ಭಾಗಾಕಾರ ಅಂತ ತೋರಿಸಿದ ಮೇಲೆ ಅವನಿಗೆ ಪುಸ್ತಕದ ಹೆದರಿಕೆ ಹೋಯಿತು.

ಕ್ಲಾಸಿನಲ್ಲಿ ಒಂದು ಅಂಗವಿಕಲ ಮಗು ಇದೆ. ನನಗೆ ತರಬೇತಿ ಇಲ್ಲ. ವಿಶೇಷ ಶಾಲೆಗೆ ಕಳಿಸುವುದು ಒಳ್ಳೆಯದಲ್ವಾ?

ಮೊದಲು ಜೊತೆಯಲ್ಲೇ ಕಲಿಸಿ ನೋಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಉಳಿದ ಮಕ್ಕಳ ಜೊತೆ ಕಲಿಯುವುದು ಆ ಮಗುವಿನ ಹಕ್ಕು. ವಿಶೇಷ ಶಾಲೆ ಬೇಕಾ ಅನ್ನುವುದನ್ನು ಮಗು, ಪೋಷಕರು, ತಿಳಿದವರು ಕೂತು ತೀರ್ಮಾನಿಸಬೇಕು. ಶಿಕ್ಷಕರಿಗೆ ಕಷ್ಟ ಅನ್ನುವುದು ಅದಕ್ಕೆ ಕಾರಣ ಆಗಬಾರದು. ಹಳೆ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇದ್ದವು, ಈಗ 21 ಇವೆ. ಕಲಿಕೆಯ ನ್ಯೂನತೆ, ರಕ್ತದ ಕಾಯಿಲೆಗಳಾದ ಥಲಸ್ಸೀಮಿಯಾ, ಸಿಕಲ್ ಸೆಲ್ ಕೂಡ ಸೇರಿವೆ. ನಾವು ಸೋಮಾರಿ ಅಂತ ಕರೆಯುವ ಮಗುವಿಗೆ ನಿಜವಾಗಿ ಏನಾಗಿದೆಯೋ ಯಾರಿಗೆ ಗೊತ್ತು? ತೋರಿಸಿ ಬನ್ನಿ ಅಂತ ಮನೆಯವರಿಗೆ ಹೇಳಿ.

ತರಬೇತಿ ಇಲ್ಲದೆಯೂ ನಾಳೆಯಿಂದಲೇ ಮಾಡಬಹುದಾದ್ದು ಬಹಳ ಇದೆ. ಕಿವಿ ಮಂದ ಇರುವ ಮಗು ನಿಮ್ಮ ತುಟಿ ನೋಡಿ ತಿಳಿದುಕೊಳ್ಳುತ್ತದೆ, ಹಾಗಾಗಿ ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತಾಡಬೇಡಿ. ಬರೆದು, ತಿರುಗಿ, ಆಮೇಲೆ ಹೇಳಿ. ದೃಷ್ಟಿ ಕಡಿಮೆ ಇದ್ದರೆ ಮುಂದೆ ಕೂಡಿಸಿ, ಆದರೆ ಕಿಟಕಿಯ ಬೆಳಕು ಬೋರ್ಡಿನ ಮೇಲೆ ಹೊಳೆಯದ ಕಡೆ. ಬರೆದಿದ್ದನ್ನೆಲ್ಲ ಬಾಯಿಬಿಟ್ಟು ಓದಿ. ಗಾಲಿ ಕುರ್ಚಿಯ ಅಥವಾ ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿದ ಮಗು ಇದ್ದರೆ ಇಡೀ ಕ್ಲಾಸನ್ನೇ ಕೆಳಗಿನ ಕೋಣೆಗೆ ತನ್ನಿ. ಶೌಚಾಲಯಕ್ಕೆ ಆ ಮಗು ಹೇಗೆ ಹೋಗುತ್ತದೆ ಅಂತ ಒಮ್ಮೆ ಜೊತೆಗೆ ನಡೆದು ನೋಡಿ. ನೀರು ಕುಡಿದರೆ ಹೋಗಬೇಕಾಗುತ್ತದೆ ಅಂತ ನಮ್ಮ ಏಪ್ರಿಲ್ ಬಿಸಿಲಿನಲ್ಲೂ ನೀರು ಕುಡಿಯದೆ ಕೂಡುವ ಮಕ್ಕಳಿದ್ದಾರೆ. ಅಕ್ಷರ ಜೋಡಿಸಲು ಬಾರದ ಮಗುವಿನಿಂದ ಉತ್ತರ ಬಾಯಲ್ಲಿ ಕೇಳಿ.

ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ, ಅಂಗವಿಕಲ ಮಕ್ಕಳ ಕಲಿಕೆಗೆ ನೆರವಾಗುವುದೇ ಅವರ ಕೆಲಸ. ಪರೀಕ್ಷಿಸಿ ಉಪಕರಣ ಕೊಡಿಸುವ ಶಿಬಿರದ ದಿನಾಂಕ ಅವರಿಗೆ ಗೊತ್ತಿರುತ್ತದೆ, ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯನ್ನೂ ಅವರೇ ನೋಡುತ್ತಾರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬೇಗ ಮಾಡಿಸಿ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು ಇಂಥ ವಿನಾಯಿತಿಗಳಿಗೆ ಪ್ರಮಾಣಪತ್ರ ಬೇಕು, ಹತ್ತನೇ ಕ್ಲಾಸಿಗೆ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ.

ಚುರುಕಿನ ಮಕ್ಕಳನ್ನು ಮುಂದೆ, ದಡ್ಡರನ್ನು ಹಿಂದೆ ಕೂಡಿಸುವುದು ರಿಸಲ್ಟಿಗೆ ಒಳ್ಳೆಯದಾ?

ಒಳ್ಳೆಯದಲ್ಲ, ಮತ್ತು ಆ 'ದಡ್ಡ' ಅನ್ನುವ ಮಾತೂ ಬೇಡ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಗೆ ಬಂದ ಮೇಲೆ ಒತ್ತಡ ಎಷ್ಟಿದೆ ಅಂತ ನಮಗೆಲ್ಲ ಗೊತ್ತು. ಆದರೆ ನಮ್ಮ ರಿಸಲ್ಟ್ ಬೀಳುವುದು ಹಿಂದಿನ ಬೆಂಚಿನಿಂದ. ಮುಂದೆ ಕೂತವರು ಹೇಗೂ ಪಾಸಾಗುತ್ತಾರೆ. ವಾರಕ್ಕೊಮ್ಮೆ ಸಾಲು ಬದಲಿಸಿ, ಜಗಳವೇ ಇರುವುದಿಲ್ಲ.

ನಾನು ಭೇದ ಮಾಡುತ್ತಿದ್ದೇನಾ ಅಂತ ನನಗೆ ಗೊತ್ತಾಗುವುದು ಹೇಗೆ?

ಮನಸ್ಸನ್ನು ಕೇಳಿಕೊಂಡರೆ ಗೊತ್ತಾಗುವುದಿಲ್ಲ, ಮನಸ್ಸು ಯಾವಾಗಲೂ ಇಲ್ಲ ಅನ್ನುತ್ತದೆ. ಒಂದು ಹಾಳೆಯಲ್ಲಿ ಮಕ್ಕಳು ಕೂಡುವ ಜಾಗದ ನಕ್ಷೆ ಬರೆಯಿರಿ, ಚೌಕಕ್ಕೊಂದು ಹೆಸರು. ಒಂದು ವಾರ ಯಾರಿಗೆ ಪ್ರಶ್ನೆ ಕೇಳಿದಿರೋ ಅವರ ಚೌಕದಲ್ಲಿ ಒಂದು ಗೆರೆ ಎಳೆಯಿರಿ. ಶನಿವಾರ ಬಾಗಿಲು ಹಾಕಿಕೊಂಡು ಆ ಹಾಳೆ ನೋಡಿ. ಸಾಮಾನ್ಯವಾಗಿ ಮುಂದಿನ ಸಾಲಿನ ನಾಲ್ಕೈದು ಚೌಕ ತುಂಬಿರುತ್ತವೆ, ಗೋಡೆ ಪಕ್ಕದ ಕೆಲವು ಖಾಲಿ ಇರುತ್ತವೆ. ಖಾಲಿ ಇರುವ ಮಕ್ಕಳು ಯಾವ ಓಣಿಯವರು, ಯಾವ ಭಾಷೆಯವರು, ಹುಡುಗನಾ ಹುಡುಗಿಯಾ, ಅಷ್ಟು ನೋಡಿದರೆ ಸಾಕು, ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಸೋಮವಾರ ಅವರಿಂದ ಶುರು ಮಾಡಿ. ಪ್ರಶ್ನೆ ಕೇಳಿ ಕೂಡಲೇ ಮುಂದಿನವರಿಗೆ ಹೋಗಬೇಡಿ, ಸ್ವಲ್ಪ ಕಾಯಿರಿ. ಮನೆಮಾತಿನಲ್ಲಿ ಯೋಚಿಸಿ ಕನ್ನಡಕ್ಕೆ ತರಲು ಆ ಮಗುವಿಗೆ ಅಷ್ಟು ಹೊತ್ತು ಬೇಕು.

ಹುಡುಗಿಯರು ಬಾಯೇ ಬಿಡುವುದಿಲ್ಲ, ಏಳನೇ ಕ್ಲಾಸಿನ ಮೇಲೆ ಬರುವುದೇ ನಿಲ್ಲಿಸುತ್ತಾರೆ.

ರಂಗೋಲಿ, ಸ್ವಾಗತ ಗೀತೆ ಹುಡುಗಿಯರಿಗೆ, ಮೈಕು, ಬಾಲು, ಲ್ಯಾಬಿನ ಕೀಲಿಕೈ ಹುಡುಗರಿಗೆ ಅನ್ನುವ ಪದ್ಧತಿ ಬದಲಿಸಿ, ಬಾಯಿ ತಾನೇ ಬರುತ್ತದೆ. ಬರುವುದು ನಿಂತರೆ ಎರಡು ವಿಷಯ ನೋಡಿ. ಒಂದು, ಶೌಚಾಲಯಕ್ಕೆ ಚಿಲಕ ಮತ್ತು ನೀರು ಇದೆಯಾ? ಇನ್ನೊಂದು, ಮನೆಯಲ್ಲಿ ಮದುವೆಯ ಮಾತು ನಡೆದಿದೆಯಾ? ಹತ್ತಿ ಬಿಡಿಸುವ ಹೊತ್ತಿನಲ್ಲಿ ಗೈರಾದ ಹುಡುಗಿ ಕೆಲಸ ಮುಗಿದ ಮೇಲೆ ಬರಬಹುದು, ಬೇಸಿಗೆಯಲ್ಲಿ ಮದುವೆಯಾದವಳು ಬರುವುದಿಲ್ಲ. ಅನುಮಾನ ಬಂದ ದಿನವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 2006ರ ಕಾಯ್ದೆ ಪ್ರಕಾರ ಬಾಲ್ಯವಿವಾಹ ಅಪರಾಧ. ಊರಿನವರ ಸಂಬಂಧ ಕೆಡುತ್ತದೆ ಅಂತ ಹಿಂಜರಿಯುವ ಶಿಕ್ಷಕರನ್ನು ಬಲ್ಲೆ, ಅವರ ಕಷ್ಟವೂ ನಿಜ. ಆದರೆ ಆ ಹುಡುಗಿಗೆ ನಮ್ಮನ್ನು ಬಿಟ್ಟರೆ ಹೇಳಿಕೊಳ್ಳುವ ಜಾಗ ಇನ್ನೊಂದಿಲ್ಲ.

ತಂದೆಯ ಹೆಸರು ಕೇಳಿದರೆ ಮಗು ಸುಮ್ಮನೆ ನಿಲ್ಲುತ್ತದೆ.

ಎಲ್ಲರ ಮುಂದೆ ಕೇಳಲೇಬೇಡಿ. ದೇವದಾಸಿ ಪದ್ಧತಿಯನ್ನು ರಾಜ್ಯದಲ್ಲಿ 1982ರಲ್ಲೇ ಕಾನೂನು ನಿಷೇಧಿಸಿದರೂ ಆ ತಾಯಂದಿರ ಮಕ್ಕಳು ನಮ್ಮ ಕ್ಲಾಸುಗಳಲ್ಲಿದ್ದಾರೆ. ತಂದೆ ಬಿಟ್ಟು ಹೋದವರ, ತೀರಿಕೊಂಡವರ ಮಕ್ಕಳೂ ಇದ್ದಾರೆ. ದಾಖಲೆಯನ್ನು ತಾಯಿಯ ಜೊತೆ ಆಫೀಸಿನಲ್ಲಿ ಕೂತು ತುಂಬಿಸಿ. ಪರಿಚಯದ ಆಟದಲ್ಲಿ 'ಮನೆಯಲ್ಲಿ ಯಾರು ಯಾರು ಇದ್ದೀರಿ' ಅಂತ ಕೇಳಿ.

ಹೊಡೆಯದೆ ಶಿಸ್ತು ಹೇಗೆ?

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ, ಅದರಲ್ಲಿ ಚರ್ಚೆ ಇಲ್ಲ. ಇನ್ನೊಂದು ಮಾತು. ಎಲ್ಲಿ ಕೋಲು ಇದೆಯೋ ಅಲ್ಲಿ ಅದು ಎಲ್ಲರಿಗೂ ಸಮ ಬೀಳುವುದಿಲ್ಲ, ಶಾಲೆಗೆ ಬಂದು ಕೇಳುವ ಅಪ್ಪ ಇಲ್ಲದ ಮಗುವಿಗೇ ಜಾಸ್ತಿ ಬೀಳುತ್ತದೆ. ನಿಯಮಗಳನ್ನು ಮಕ್ಕಳಿಂದಲೇ ಮಾಡಿಸಿ, ಅವರೇ ಕಾಯುತ್ತಾರೆ.

'ನಮ್ಮ ಹುಡುಗನ್ನ ಅವರ ಬಾಜೂಕ ಕೂಡಿಸಬ್ಯಾಡ್ರಿ ಸರ್' ಅಂತ ಪೋಷಕರು ಬಂದರೆ?

ಜಗಳ ಬೇಡ, ಒಪ್ಪಿಕೊಳ್ಳುವುದೂ ಬೇಡ. ಹೀಗೆ ಹೇಳಿ ನೋಡಿ: 'ಅಣ್ಣಾರ, ನಮ್ಮ ಕ್ಲಾಸಿನಾಗ ವಾರಕ್ಕೊಮ್ಮಿ ಜಾಗ ಬದಲಾಗ್ತದ, ಎಲ್ಲಾರ ಬಾಜೂಕೂ ಎಲ್ಲಾರೂ ಕೂಡ್ತಾರ. ನೀವು ಬೇಕಾದ್ರ ಒಂದಿನ ಬಂದು ಕುಂತು ನೋಡ್ರಿ.' ನಿಯಮ ಎಲ್ಲರಿಗೂ ಒಂದೇ ಅಂತ ತಿಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ. ಆಗದವರ ವಿಷಯ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಸಭೆಗೆ ಬರಲಿ, ಬರಹದಲ್ಲಿ ಇರಲಿ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೂ ಬಂದೇ ನವಾಜ್ ಉರುಸಿಗೂ ಹೋಗುವ ಜನ ನಮ್ಮವರು, ಜೊತೆಗೆ ಕೂಡುವುದು ಅವರಿಗೆ ಹೊಸದಲ್ಲ, ಶಾಲೆ ಗಟ್ಟಿಯಾಗಿ ನಿಂತರೆ ಜೊತೆಗೆ ಬರುತ್ತಾರೆ.

ಎರಡು ಕ್ಲಾಸಿಗೆ ಒಬ್ಬನೇ ಶಿಕ್ಷಕ ನಾನು. ಇದಕ್ಕೆಲ್ಲ ಯಾರ ಸಹಾಯ ಕೇಳಲಿ?

ಒಬ್ಬರೇ ಹೊತ್ತುಕೊಳ್ಳಬೇಡಿ. ಅಂಗವೈಕಲ್ಯದ ವಿಷಯಕ್ಕೆ ಬಿಐಇಆರ್‌ಟಿ, ಭಾಷೆ ಮತ್ತು ಕಲಿಕಾ ಸಾಮಗ್ರಿಗೆ ಸಿಆರ್‌ಪಿ. ತಾಂಡಾದ ವಿಷಯ ಆದರೆ ಮೊದಲು ಅಲ್ಲಿನ ನಾಯಕ್ ಮತ್ತು ಕಾರಭಾರಿಯನ್ನು ಹೋಗಿ ಮಾತಾಡಿಸಿ, ಅವರು ಹೇಳಿದ ಮಾತು ಮನೆ ಮನೆಗೆ ಮುಟ್ಟುತ್ತದೆ. ಹೆಣ್ಣುಮಕ್ಕಳ ಗೈರಿನ ಸುದ್ದಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ, ಅವರ ನಂಬರ್ ಇಟ್ಟುಕೊಳ್ಳಿ. ಪಿಯುಸಿ ಓದುತ್ತಿರುವ ಊರಿನ ಹಳೆ ವಿದ್ಯಾರ್ಥಿಗಳು ಲಂಬಾಣಿ, ಮರಾಠಿ ಗೋಡೆ ಚಿತ್ರಗಳನ್ನು ಒಂದು ಭಾನುವಾರದಲ್ಲಿ ಬರೆದುಕೊಡುತ್ತಾರೆ, ಕೇಳಿದರೆ ಖುಷಿಯಿಂದ ಬರುತ್ತಾರೆ. ಬಣ್ಣ, ಹಾಳೆಯ ಖರ್ಚಿಗೆ ಶಾಲಾ ಅನುದಾನ ಬಳಸಬಹುದಾ ಅಂತ ಮುಖ್ಯ ಶಿಕ್ಷಕರ ಜೊತೆ ಮೊದಲೇ ಮಾತಾಡಿಕೊಳ್ಳಿ.